ಬಿಲ್ಲು ಕೇಳುತ್ತೀರಿ, ಏನು ಕಂಡುಕೊಂಡಿರಿ ಅಂತ ಯಾಕೆ ಕೇಳುವುದಿಲ್ಲ?

ಮಾನ್ಯ ಸಂಪಾದಕರೇ,

ಡಿಗ್ರಿ ಮತ್ತು ಇಂಜಿನಿಯರಿಂಗ್ ಓದುವ ಮಕ್ಕಳ ಸಂಶೋಧನೆಗೆ ಸರ್ಕಾರ ದುಡ್ಡು ಕೊಡುತ್ತದೆ ಅನ್ನುವ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಇಂಥ ಕಾಲೇಜಿನ ಇಷ್ಟು ಪ್ರಾಜೆಕ್ಟ್ ಆಯ್ಕೆ, ಇಂಥ ತಂಡಕ್ಕೆ ಬಹುಮಾನ, ಜೊತೆಗೆ ಪ್ರಿನ್ಸಿಪಾಲರು ನಡುವೆ ನಿಂತಿರುವ ಒಂದು ಫೋಟೊ. ಅಲ್ಲಿಗೆ ಸುದ್ದಿ ಮುಗಿಯುತ್ತದೆ, ನಮ್ಮ ಕೆಲಸ ಮುಗಿಯುವುದಿಲ್ಲ. ಆಮೇಲೆ ಕೊಟ್ಟ ದುಡ್ಡಿಗೆ ವರದಿ ಸಲ್ಲಿಸಬೇಕು. ಆ ವರದಿಯ ಬಗ್ಗೆ ಯಾರೂ ಬರೆದದ್ದು ನೋಡಿಲ್ಲ, ಅದಕ್ಕೇ ಈ ಪತ್ರ. ನಾನು ಮಲೆನಾಡಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೇಷ್ಟ್ರು. ಕೊನೆ ವರ್ಷದ ಮಕ್ಕಳ ಪ್ರಾಜೆಕ್ಟ್ ಗೈಡ್ ಮಾಡುತ್ತೇನೆ, ಹಾಗಾಗಿ ಅದರ ಕಾಗದಪತ್ರವೂ ನನ್ನ ತಲೆಗೇ ಬರುತ್ತದೆ.

ಮೊದಲು ಒಂದು ಮಾತು. ಈ ಯೋಜನೆಗಳು ಬೇಕು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದಲೇ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ನೆರವು ಕೊಡುತ್ತಾ ಬಂದಿದೆ. ಕೆಲವೇ ಸಾವಿರ ರೂಪಾಯಿ ಇರಬಹುದು, ಆದರೆ ಹಳ್ಳಿ ಕಡೆಯ ಹುಡುಗರಿಗೆ ‘ನಿಮ್ಮ ಐಡಿಯಾ ಚೆನ್ನಾಗಿದೆ, ತಗೊಳ್ಳಿ’ ಅಂತ ಹೊರಗಿನವರು ಯಾರೋ ಹೇಳುವುದು ಸಣ್ಣ ವಿಷಯ ಅಲ್ಲ. ಬಿಎಸ್ಸಿ ಓದುವವರಿಗೆ ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ಇದೆ. ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 60,000 ವಿದ್ಯಾರ್ಥಿಯ ಕೈಗೆ, ಉಳಿದ 20,000 ಬೇಸಿಗೆಯಲ್ಲಿ ಒಬ್ಬ ಮಾರ್ಗದರ್ಶಕರ ಬಳಿ ಸಂಶೋಧನೆ ಮಾಡುವುದಕ್ಕೆ. ಜೈವಿಕ ತಂತ್ರಜ್ಞಾನ ಇಲಾಖೆಯ ಸ್ಟಾರ್ ಕಾಲೇಜ್ ಯೋಜನೆಯಲ್ಲೂ ಡಿಗ್ರಿ ಮಕ್ಕಳ ಸಣ್ಣ ಪ್ರಾಜೆಕ್ಟ್‌ಗಳಿಗೆ ಜಾಗ ಇದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆ ನಡೆಸುತ್ತಿದ್ದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ 2022ರಲ್ಲಿ ನಿಂತಿತು. ಕೇಂದ್ರದ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಪ್ರಕಾರ ಡಿಗ್ರಿಯ ನಾಲ್ಕನೇ ವರ್ಷದಲ್ಲಿ ಸಂಶೋಧನೆ ಮಾಡಬಹುದಿತ್ತು, 2024ರಲ್ಲಿ ನಮ್ಮ ರಾಜ್ಯ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂತು. ಅದು ಸರಿಯೋ ತಪ್ಪೋ ಇಲ್ಲಿ ಬೇಡ. ಉಳಿದಿರುವ ದಾರಿಗಳು ಕಡಿಮೆ, ಇರುವುದನ್ನಾದರೂ ಸರಿಯಾಗಿ ನಡೆಸೋಣ ಅನ್ನುವುದಷ್ಟೇ ನನ್ನ ಮಾತು.

ಈಗ ವರದಿಗೆ ಬರೋಣ. ಅನುದಾನ ಪಡೆದವರು ಬಳಕೆ ಪ್ರಮಾಣಪತ್ರ ಕೊಡಬೇಕು. ನಾವೆಲ್ಲ ಅದನ್ನು ಯುಸಿ ಅನ್ನುತ್ತೇವೆ. ಜೊತೆಗೆ ಖರ್ಚಿನ ಪಟ್ಟಿ, ಬಿಲ್ಲುಗಳು, ಪ್ರಿನ್ಸಿಪಾಲರ ಸಹಿ ಸೀಲು, ಎಷ್ಟೋ ಕಡೆ ಸಿಎ ಸಹಿ. ಇದೆಲ್ಲ ಯಾಕೆ ಅಂತ ನನಗೆ ಗೊತ್ತು. ಜನರ ತೆರಿಗೆ ದುಡ್ಡು, ಲೆಕ್ಕ ಕೇಳಲೇಬೇಕು. ಯುಸಿ ಬಾಕಿ ಅಂತ ಮಹಾಲೇಖಪಾಲರ ವರದಿಗಳಲ್ಲಿ ಇಲಾಖೆಗಳಿಗೆ ಛೀಮಾರಿ ಬೀಳುವುದನ್ನು ಓದಿದ್ದೇವೆ. ಹಾಗಾಗಿ ಇಲಾಖೆಯವರು ನಮ್ಮ ಬೆನ್ನು ಹತ್ತುತ್ತಾರೆ, ನಾವು ಹುಡುಗರ ಬೆನ್ನು ಹತ್ತುತ್ತೇವೆ. ತಕರಾರು ಇರುವುದು ಲೆಕ್ಕ ಕೇಳುವುದರ ಬಗ್ಗೆ ಅಲ್ಲ. ಕೋಟಿಗಟ್ಟಲೆ ಪಡೆಯುವ ಸಂಸ್ಥೆಗೂ ಐದು ಸಾವಿರ ಪಡೆಯುವ ನಾಲ್ಕು ಜನ ಹುಡುಗರಿಗೂ ಹೆಚ್ಚುಕಡಿಮೆ ಒಂದೇ ಅಳತೆಯ ಅಂಗಿ ಹೊಲಿದಿದ್ದಾರೆ, ಅದು ತಕರಾರು.

ಹುಡುಗರು ಸಾಮಾನು ತರುವುದು ಹೇಗೆ ಅಂತ ಕಚೇರಿಯಲ್ಲಿ ಕೂತವರಿಗೆ ಹೇಳಬೇಕು. ಒಬ್ಬ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಸೆನ್ಸರ್, ಬೋರ್ಡು, ವೈರು ತರುತ್ತಾನೆ. ಅಂಗಡಿಯವನು ಕೊಡುವುದು ನುಣುಪು ಕಾಗದದ ಚಿಕ್ಕ ಬಿಲ್ಲು. ಆರು ತಿಂಗಳಾದ ಮೇಲೆ ಫೈಲ್ ತೆಗೆದು ನೋಡಿದರೆ ಅದರಲ್ಲಿ ಅಕ್ಷರವೇ ಇರುವುದಿಲ್ಲ, ಬಿಳಿ ಚೀಟಿ. ಬಂದ ದಿನವೇ ಜೆರಾಕ್ಸ್ ಮಾಡಿಸಿ ಇಟ್ಟುಕೊಂಡವನು ಬಚಾವು. ಆನ್‌ಲೈನಲ್ಲಿ ತರಿಸಿದ್ದರೆ ಇನ್‌ವಾಯ್ಸ್ ಹುಡುಗನ ಹೆಸರಲ್ಲಿ, ಹಾಸ್ಟೆಲ್ ವಿಳಾಸಕ್ಕೆ. ‘ಕಾಲೇಜಿನ ಹೆಸರಲ್ಲಿ ಇಲ್ಲ, ಆಗಲ್ಲ’ ಅಂತ ಅಕೌಂಟ್ಸ್ ವಿಭಾಗದವರು ವಾಪಸ್ ಕಳಿಸುತ್ತಾರೆ. ಮೋಟರ್ ಗುಜರಿಯಿಂದ ಬರುತ್ತದೆ, ಕಾಲು ಭಾಗ ದುಡ್ಡಿಗೆ, ಚೆನ್ನಾಗಿಯೂ ಓಡುತ್ತದೆ. ಗುಜರಿಯವನ ಹತ್ತಿರ ಬಿಲ್ಲು ಎಲ್ಲಿಂದ? ಫ್ರೇಮ್ ಮಾಡಿಕೊಟ್ಟ ಊರಿನ ವೆಲ್ಡಿಂಗ್ ಅಂಗಡಿಯವನಿಗೆ ಜಿಎಸ್‌ಟಿ ನಂಬರ್ ಇಲ್ಲ. ವೋಚರ್ ಬರೆಸಿಕೊಂಡು ಬಾ ಅಂದರೆ ಅದಕ್ಕೆ ರೆವಿನ್ಯೂ ಸ್ಟ್ಯಾಂಪ್ ಎಲ್ಲಿ ಅನ್ನುತ್ತಾರೆ. ಐದು ಸಾವಿರ ದಾಟಿದ ರಸೀದಿಗೆ ಮಾತ್ರ ಸ್ಟ್ಯಾಂಪ್ ಬೇಕು ಅಂತ ಕಾನೂನೇ ಹೇಳುತ್ತದೆ, ಆದರೆ ಎಂಟುನೂರು ರೂಪಾಯಿಯ ವೋಚರಿಗೂ ಅಂಟಿಸಿದರೇ ಅವರಿಗೆ ಸಮಾಧಾನ. ಯಾರು ವಾದ ಮಾಡುತ್ತಾರೆ, ಸುಮ್ನೆ ಅಂಟಿಸುತ್ತೇವೆ.

ಬಡ್ಡಿಯ ಕಥೆ ಇನ್ನೂ ಚೆನ್ನಾಗಿದೆ. ಕೇಂದ್ರದ ದುಡ್ಡು ಕಾಲೇಜಿನ ಖಾತೆಯಲ್ಲಿ ಇದ್ದಷ್ಟು ದಿನ ಬಂದ ಬಡ್ಡಿಯನ್ನು ವಾಪಸ್ ಕಟ್ಟಬೇಕು ಅಂತ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿದೆ. ದೊಡ್ಡ ಅನುದಾನಕ್ಕೆ ಸರಿಯಾದ ನಿಯಮ, ಒಪ್ಪುತ್ತೇನೆ. ಆದರೆ ಮಕ್ಕಳ ಪ್ರಾಜೆಕ್ಟಿನ ಚಿಲ್ಲರೆ ಮೊತ್ತಕ್ಕೆ ಬಡ್ಡಿ ಅಂತ ಬರುವುದು ಇಪ್ಪತ್ತು ಮೂವತ್ತು ರೂಪಾಯಿ. ಅದನ್ನು ಲೆಕ್ಕ ಹಾಕಿಸಿ, ಕೇಂದ್ರಕ್ಕೆ ಆನ್‌ಲೈನಲ್ಲಿ ಹಣ ಕಟ್ಟುವ ಭಾರತ್‌ಕೋಶ್ ಪೋರ್ಟಲಿನಲ್ಲಿ ಸರಿಯಾದ ಇಲಾಖೆ ಹುಡುಕಿ, ಕಟ್ಟಿ, ರಸೀದಿ ಪ್ರಿಂಟ್ ತೆಗೆದು ಲಗತ್ತಿಸುವ ಹೊತ್ತಿಗೆ ಮೇಷ್ಟ್ರ ಅರ್ಧ ದಿನ ಹೋಗಿರುತ್ತದೆ. ಸಿಎ ಹತ್ತಿರ ಹೋದರೆ ಅವರೂ ಪಾಪ ಪ್ರತಿ ಪ್ರಮಾಣಪತ್ರಕ್ಕೂ ಯುಡಿಐಎನ್ ಅನ್ನುವ ಪ್ರತ್ಯೇಕ ಗುರುತಿನ ನಂಬರ್ ಹುಟ್ಟಿಸಬೇಕು. ಬಿಟ್ಟಿಯಾಗಿ ಯಾರು ಮಾಡುತ್ತಾರೆ? ಆ ಫೀಸು ಪ್ರಾಜೆಕ್ಟಿನ ದುಡ್ಡಲ್ಲಿ ಹಾಕುವಂತಿಲ್ಲ ಅಂದಾಗ ಗೈಡ್ ಜೇಬಿಗೇ ಕತ್ತರಿ.

ಇದರ ಮೇಲೆ ಕ್ಯಾಲೆಂಡರ್ ಕಿತಾಪತಿ. ಸರ್ಕಾರದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಹುಡುಗರ ವರ್ಷ ಮೇ-ಜೂನಿನಲ್ಲಿ. ಕೆಲಸ ಶುರುವಾಗುವುದು ಏಳನೇ ಸೆಮಿಸ್ಟರಿನಲ್ಲಿ. ದುಡ್ಡು ಬರುವಷ್ಟರಲ್ಲಿ ಮಾಡೆಲ್ ಅರ್ಧ ಎದ್ದು ನಿಂತಿರುತ್ತದೆ, ಹುಡುಗರು ಅಪ್ಪ ಅಮ್ಮನ ಹತ್ತಿರ ಇಸಿದುಕೊಂಡು ಸಾಮಾನು ತಂದಾಗಿರುತ್ತದೆ. ಆಗ ತಂದ ಬಿಲ್ಲುಗಳು ಮಂಜೂರಾತಿ ಪತ್ರಕ್ಕಿಂತ ಹಳೆಯವು, ನಡೆಯುವುದಿಲ್ಲ ಅಂತ ಒಮ್ಮೆ ನಮಗೆ ಹೇಳಿದರು. ಯಾವ ಯೋಜನೆ ಅಂತ ಬರೆಯುವುದಿಲ್ಲ, ಬೇರೆ ಕಾಲೇಜಿನ ಸ್ನೇಹಿತರು ಬೇರೆ ಯೋಜನೆಗಳ ಬಗ್ಗೆಯೂ ಇದನ್ನೇ ಹೇಳುತ್ತಾರೆ. ಕೊನೆಗೆ ಜೂನಿನಲ್ಲಿ ಹುಡುಗರು ಕೆಲಸ ಸಿಕ್ಕಿ ಬೆಂಗಳೂರು, ಪುಣೆ ಅಂತ ಹೊರಟು ಹೋಗುತ್ತಾರೆ. ‘ಸರ್, ಆ ಬಿಲ್ಲು ರೂಮಲ್ಲಿ ಇತ್ತು, ರೂಮ್ ಖಾಲಿ ಮಾಡಿದ್ವಿ’ ಅಂತ ಫೋನಿನಲ್ಲಿ ಹೇಳುತ್ತಾರೆ.

ಇಷ್ಟೆಲ್ಲ ಪರದಾಡಿದ್ದಕ್ಕೆ ಕೊನೆಗೆ ಸರ್ಕಾರಕ್ಕೆ ಏನು ತಿಳಿಯಿತು? ದುಡ್ಡು ಖರ್ಚಾಯಿತು ಅಂತ ತಿಳಿಯಿತು. ಅಷ್ಟೇ. ಆ ದುಡ್ಡಿನಿಂದ ಯಾರಿಗೆ ಏನು ಗೊತ್ತಾಯಿತು ಅನ್ನುವುದು ಎಲ್ಲೂ ದಾಖಲಾಗುವುದಿಲ್ಲ. ಇಲ್ಲಿ ಒಂದು ಪ್ರಾಜೆಕ್ಟಿನ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದು ಹೊರಗಿನವರಿಗೆ ಕಾಣುವುದಿಲ್ಲ.

ನಮ್ಮ ಕಡೆ ಅಡಿಕೆ ಕೊಯ್ಲಿನ ಹೊತ್ತಿಗೆ ಎಷ್ಟೋ ವರ್ಷ ಮಳೆ ಬಿಟ್ಟಿರುವುದಿಲ್ಲ. ಸುಲಿದು ಬೇಯಿಸಿದ ಅಡಿಕೆ ಚಪ್ಪರದ ಮೇಲೆ ಒಣಗಬೇಕು, ಮೋಡ ಮುಚ್ಚಿದರೆ ಬೂಷ್ಟು ಹಿಡಿಯುತ್ತದೆ, ಬಣ್ಣ ಹೋಗುತ್ತದೆ, ಮಂಡಿಯಲ್ಲಿ ರೇಟು ಬೀಳುತ್ತದೆ. ಹಾಗಾಗಿ ಸೋಲಾರ್ ಡ್ರೈಯರ್ ಮಾಡುವುದು ಇಲ್ಲಿನ ಹುಡುಗರ ಅಚ್ಚುಮೆಚ್ಚಿನ ಪ್ರಾಜೆಕ್ಟ್. ಒಂದು ತಂಡ ಮಾಡಿತು. ಕಬ್ಬಿಣದ ಚೌಕಟ್ಟು, ಮೇಲೆ ಪಾಲಿಥಿನ್ ಹಾಳೆ, ಒಳಗೆ ಒಂದರ ಮೇಲೊಂದು ಜಾಲರಿ ತಟ್ಟೆ, ಕೆಳಗಿಂದ ಬಿಸಿ ಗಾಳಿ. ಮಧ್ಯಾಹ್ನದ ತನಕ ಜೋರಾಗಿ ಕೆಲಸ ಮಾಡಿತು. ಕೆಳಗಿನ ತಟ್ಟೆ ಚೆನ್ನಾಗಿ ಒಣಗಿತು. ಆದರೆ ಅಲ್ಲಿಂದ ಎದ್ದ ತೇವವನ್ನೆಲ್ಲ ಹೊತ್ತುಕೊಂಡು ಗಾಳಿ ಮೇಲಕ್ಕೆ ಹೋಗುತ್ತದೆ ಅಲ್ವಾ, ಮೇಲಿನ ತಟ್ಟೆ ಹಸಿಯಾಗಿಯೇ ಉಳಿಯಿತು. ಸಂಜೆ ತಂಪಾದ ಮೇಲೆ ಹಾಳೆಯ ಒಳಮೈಯಲ್ಲಿ ನೀರು ಹನಿಗಟ್ಟಿ ಅದೇ ಮೇಲಿನ ತಟ್ಟೆಯ ಅಡಿಕೆ ಮೇಲೆ ತೊಟ್ಟಿಕ್ಕಿತು. ಹುಡುಗರು ರಾತ್ರಿ ಟಾರ್ಚ್ ಹಿಡಿದು ಅದನ್ನು ನೋಡಿದರು, ವಿಡಿಯೋ ಮಾಡಿದರು, ಆಮೇಲೆ ಹಾಳೆಯನ್ನು ಓರೆ ಮಾಡಿ ಹನಿ ಬದಿಗೆ ಜಾರುವ ಹಾಗೆ ಕಟ್ಟಿದರು. ಸ್ವಲ್ಪ ಸರಿಹೋಯಿತು, ಪೂರ್ತಿ ಹೋಗಲಿಲ್ಲ. ಫ್ಯಾನ್ ರಾತ್ರಿಯೂ ಓಡಬೇಕು, ಅದಕ್ಕೆ ಬ್ಯಾಟರಿ ಬೇಕು, ಬ್ಯಾಟರಿ ಹಾಕಿದರೆ ಸಣ್ಣ ರೈತನಿಗೆ ದುಡ್ಡು ಗಿಟ್ಟುವುದಿಲ್ಲ ಅನ್ನುವ ತೀರ್ಮಾನಕ್ಕೆ ಅವರೇ ಬಂದರು. ಕೊನೆ ವರ್ಷದ ಹುಡುಗರು ಇದನ್ನು ತಾವಾಗಿ ಕಂಡುಕೊಂಡರೆ ನನ್ನ ಪ್ರಕಾರ ಅದೇ ಸಂಶೋಧನೆ.

ಬೈಂಡ್ ಮಾಡಿಸಿದ ವರದಿಯಲ್ಲಿ ಈ ಯಾವ ಮಾತೂ ಇರಲಿಲ್ಲ. ‘ಪ್ರಸ್ತುತ ಡ್ರೈಯರ್ ಯಶಸ್ವಿಯಾಗಿ ಕಾರ್ಯನಿರ್ವಹಿಸಿದ್ದು ಒಣಗುವ ಅವಧಿ ಗಣನೀಯವಾಗಿ ಕಡಿಮೆಯಾಗಿದೆ’ ಅನ್ನುವ ಅರ್ಥದ ಇಂಗ್ಲಿಷ್ ವಾಕ್ಯ ಇತ್ತು. ಹಾಳೆಯ ಹನಿ, ಹಸಿ ತಟ್ಟೆ, ಬ್ಯಾಟರಿ ಲೆಕ್ಕ ಎಲ್ಲ ಮಾಯ. ಯಾಕ್ರೋ ಅಂದರೆ, ‘ಸರ್, ಫೇಲ್ ಆಯ್ತು ಅಂತ ಬರೆದರೆ ದುಡ್ಡು ವಾಪಸ್ ಕೇಳ್ತಾರೆ, ವೈವಾದಲ್ಲಿ ಮಾರ್ಕ್ಸೂ ಹೋಗುತ್ತೆ’ ಅಂದರು. ಅವರ ಭಯ ಸುಳ್ಳಲ್ಲ. ನಮೂನೆಯಲ್ಲಿ ಉದ್ದೇಶ ಈಡೇರಿತೇ ಅಂತ ಒಂದು ಕಾಲಂ ಇತ್ತು, ಹೌದು ಅಥವಾ ಇಲ್ಲ. ಇಲ್ಲ ಅಂತ ಬರೆದು ತಲೆನೋವು ತಂದುಕೊಳ್ಳುವವರು ಯಾರು? ಮಾರನೇ ವರ್ಷ ಇನ್ನೊಂದು ಕಾಲೇಜಿನವರು ಅದೇ ಡ್ರೈಯರ್ ಮಾಡುತ್ತಾರೆ, ಅದೇ ತಟ್ಟೆ ಹಸಿ ಉಳಿಯುತ್ತದೆ, ಅವರೂ ಯಶಸ್ವಿ ಅಂತಲೇ ಬರೆಯುತ್ತಾರೆ. ಸರ್ಕಾರ ಒಂದೇ ಪಾಠಕ್ಕೆ ಮತ್ತೆ ಮತ್ತೆ ಫೀಸು ಕಟ್ಟುತ್ತಿದೆ, ಪಾಠ ಮಾತ್ರ ಯಾರ ಕೈಗೂ ಸಿಗುತ್ತಿಲ್ಲ.

ಇನ್ನೊಂದು ಮಾತು ಹೇಳಿದರೆ ಕೆಲವರಿಗೆ ಕೋಪ ಬರಬಹುದು. ರೆಡಿಮೇಡ್ ಪ್ರಾಜೆಕ್ಟ್ ಮಾರುವ ಅಂಗಡಿಗಳು ಇವೆ, ಎಲ್ಲರಿಗೂ ಗೊತ್ತು. ದುಡ್ಡು ಕೊಟ್ಟರೆ ಮಾಡೆಲ್, ವರದಿ, ವೈವಾದಲ್ಲಿ ಕೇಳಬಹುದಾದ ಪ್ರಶ್ನೆಗಳಿಗೆ ಉತ್ತರ ಎಲ್ಲ ಸಿಗುತ್ತದೆ. ಅಂಥ ಕಡೆ ತಂದ ಪ್ರಾಜೆಕ್ಟಿಗೆ ಬಿಲ್ಲು ಹೇಗಿರುತ್ತದೆ ಗೊತ್ತಾ? ಅಚ್ಚುಕಟ್ಟಾಗಿ, ಜಿಎಸ್‌ಟಿ ನಂಬರ್ ಸಮೇತ, ಕಾಲೇಜಿನ ಹೆಸರಲ್ಲೇ ಇರುತ್ತದೆ. ಗುಜರಿ ಮೋಟರ್ ತಂದು, ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ತಾವೇ ನಿಂತು ಮಾಡಿಸಿದ ಹುಡುಗರ ಫೈಲ್ ಆಕ್ಷೇಪಣೆ ಬಿದ್ದು ವಾಪಸ್ ಬರುತ್ತದೆ, ಕೊಂಡು ತಂದವರ ಫೈಲ್ ಒಂದೇ ಸಲಕ್ಕೆ ಪಾಸ್. ಬಿಲ್ಲಿನ ನಿಯಮ ಬಿಗಿ ಮಾಡಿದಷ್ಟೂ ಮೋಸ ಕಡಿಮೆಯಾಗುತ್ತದೆ ಅಂತ ವಾದಿಸುವವರು ಇದಕ್ಕೆ ಏನು ಹೇಳುತ್ತಾರೋ. ಹುಡುಗರ ಎದುರು ಕೂತು ‘ಈ ವೈರ್ ಇಲ್ಲಿಗೆ ಯಾಕೆ ಕೊಟ್ಟೆ’ ಅಂತ ಕೇಳಿ, ಹತ್ತು ನಿಮಿಷದಲ್ಲಿ ಯಾರು ಮಾಡಿದ್ದು, ಯಾರು ತಂದದ್ದು ಗೊತ್ತಾಗುತ್ತದೆ. ಬಿಲ್ಲಿನ ಕಟ್ಟಿನಿಂದ ಗೊತ್ತಾಗುವುದಿಲ್ಲ.

ಬೇರೆ ಕಡೆ ಹೇಗಿದೆ? ದೂರ ಹೋಗಬೇಕಾಗಿಲ್ಲ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತವೆ, ಅದರಲ್ಲಿ ಒಂದು ಅಕಾಡೆಮಿ ಬೆಂಗಳೂರಿನದೇ. ಅಲ್ಲಿ ಎರಡು ತಿಂಗಳ ಕೆಲಸಕ್ಕೆ ವಿದ್ಯಾರ್ಥಿ ನಾಲ್ಕನೇ ವಾರದಲ್ಲಿ ಒಂದು, ಎಂಟನೇ ವಾರದಲ್ಲಿ ಒಂದು ವರದಿ ಬರೆಯಬೇಕು. ಏನು ಮಾಡಿದೆ, ಎಲ್ಲಿಗೆ ಬಂದೆ ಅನ್ನುವುದೇ ಅದರ ವಿಷಯ. ನಡುವೆ ಒಮ್ಮೆ ಬರೆಸುವುದು ಒಳ್ಳೆಯ ಉಪಾಯ, ಯಾಕೆಂದರೆ ಆಗ ಯಾರಿಗೂ ಗೆದ್ದೆ ಅಂತ ಬರೆಯುವ ಒತ್ತಡ ಇರುವುದಿಲ್ಲ.

ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 1987ರಿಂದ ಡಿಗ್ರಿ ವಿದ್ಯಾರ್ಥಿಗಳ ಸಂಶೋಧನೆಗೆ ಆರ್‌ಇಯು ಅನ್ನುವ ಕಾರ್ಯಕ್ರಮ ನಡೆಸುತ್ತಿದೆ. ಅಲ್ಲೂ ಲೆಕ್ಕಪತ್ರ ಕಟ್ಟುನಿಟ್ಟು. ವಿದ್ಯಾರ್ಥಿಗಳಿಗೆ ಅಂತ ತೆಗೆದಿಟ್ಟ ದುಡ್ಡನ್ನು ಅನುಮತಿ ಇಲ್ಲದೆ ಬೇರೆ ಬಾಬ್ತಿಗೆ ತಿರುಗಿಸುವ ಹಾಗಿಲ್ಲ. ಪ್ರತಿ ವರ್ಷದ ವರದಿಯಲ್ಲಿ ಯಾವ ವಿದ್ಯಾರ್ಥಿ, ಯಾವ ಕಾಲೇಜಿನಿಂದ ಬಂದವನು, ಎಷ್ಟನೇ ವರ್ಷ ಮುಗಿಸಿದ್ದ ಅಂತ ಕೇಳುತ್ತಾರೆ. ಆದರೆ ಬಿಲ್ಲು ಕಾಯುವ ಕೆಲಸ ವಿಶ್ವವಿದ್ಯಾಲಯದ ಕಚೇರಿಯದು, ಹುಡುಗನದಲ್ಲ. ಇದಕ್ಕಿಂತ ನನಗೆ ಹಿಡಿಸಿದ್ದು ಇನ್ನೊಂದು. 2007ರ ಒಂದು ಕಾನೂನಿನ ಆಧಾರದ ಮೇಲೆ, 2010ರಿಂದ ಅವರು ಅನುದಾನ ಮುಗಿದ ಮೇಲೆ ಸಾಮಾನ್ಯ ಜನರಿಗಾಗಿಯೇ ಒಂದು ಪುಟ್ಟ ವರದಿ ಬರೆಸುತ್ತಾರೆ. 200ರಿಂದ 800 ಪದ. ಕಷ್ಟದ ಪರಿಭಾಷೆ ಬೇಡ. ಅದು ನೇರವಾಗಿ ಸರ್ಕಾರಿ ಜಾಲತಾಣಕ್ಕೆ ಹೋಗುತ್ತದೆ, ಯಾರು ಬೇಕಾದರೂ ಓದಬಹುದು. ಅವರದ್ದೆಲ್ಲ ಸರಿ ಅಂತ ಹೇಳುತ್ತಿಲ್ಲ, ಅವರ ದುಡ್ಡು ಬೇರೆ ನಮ್ಮ ದುಡ್ಡು ಬೇರೆ. ಆದರೆ ಎಂಟುನೂರು ಪದ ಬರೆಸುವುದಕ್ಕೆ ಶ್ರೀಮಂತ ದೇಶ ಆಗಬೇಕಾಗಿಲ್ಲ.

ನಮ್ಮ ರಾಜ್ಯ ಮಂಡಳಿಯ ಜಾಲತಾಣದಲ್ಲೂ ಆಯ್ಕೆಯಾದ ಪ್ರಾಜೆಕ್ಟ್‌ಗಳ ಸಾರಾಂಶಗಳು ಸರಣಿವಾರು ಸಿಗುತ್ತವೆ, ಅದನ್ನು ಮೆಚ್ಚಲೇಬೇಕು. ನಾನೂ ಹುಡುಗರಿಗೆ ಮೊದಲು ಅದನ್ನು ಓದಿಕೊಂಡು ಬನ್ನಿ ಅನ್ನುತ್ತೇನೆ. ಆದರೆ ಓದುತ್ತಾ ಹೋದರೆ ನಮ್ಮ ಹುಡುಗರೇ ಬರೆದ ಆ ಯಶಸ್ಸಿನ ಧಾಟಿ ಅಲ್ಲೂ ಕಾಣುತ್ತದೆ. ಅಡಿಕೆ ಬೆಳೆಗಾರನೊಬ್ಬ ಹುಡುಕಿಕೊಂಡು ಹೋದರೂ ಇಂಗ್ಲಿಷಿನ ದಪ್ಪ ದಪ್ಪ ಪದಗಳ ನಡುವೆ ಅವನಿಗೆ ಬೇಕಾದ್ದು ಸಿಗುವುದು ಕಷ್ಟ.

ಇದನ್ನು ಸರಿಮಾಡಲು ಹೊಸ ಕಾಯ್ದೆ ಏನೂ ಬೇಡ ಅನ್ನುವುದು ನನ್ನ ಮುಖ್ಯ ಮಾತು. ಕೇಂದ್ರದ ಯುಸಿ ನಮೂನೆ ಇದೆಯಲ್ಲ, ಆಗ ಹೇಳಿದ ಸಾಮಾನ್ಯ ಹಣಕಾಸು ನಿಯಮಗಳ (ಜಿಎಫ್‌ಆರ್) 12-ಎ ನಮೂನೆ, ಅದನ್ನು ಪೂರ್ತಿ ಓದಿದವರು ಕಡಿಮೆ. ಅದರ ಕೊನೆ ಕಡೆ ಒಂದು ಸಾಲಿದೆ. ಈ ಹಣದಿಂದ ಬಂದ ಫಲವನ್ನು ಅನುಬಂಧ 2ರಲ್ಲಿ ಕೊಡಬೇಕು, ಆ ಅನುಬಂಧ ಹೇಗಿರಬೇಕು ಅಂತ ಆಯಾ ಇಲಾಖೆಯೇ ತಮಗೆ ಬೇಕಾದ ಹಾಗೆ ರೂಪಿಸಿಕೊಳ್ಳಬಹುದು ಅಂತ. ಅಂದರೆ ಬಾಗಿಲು ತೆರೆದೇ ಇದೆ! ನಾನು ನೋಡಿದ ಫೈಲುಗಳಲ್ಲಿ ಆ ಜಾಗದಲ್ಲಿ ‘ಕೆಲಸ ತೃಪ್ತಿಕರವಾಗಿ ಮುಗಿದಿದೆ’ ಅಂತ ಒಂದು ಸಾಲು ಟೈಪ್ ಮಾಡಿ ಕೈತೊಳೆದುಕೊಂಡಿರುತ್ತಾರೆ. ರಾಜ್ಯದ ಯೋಜನೆಗಳಿಗೆ ರಾಜ್ಯದ್ದೇ ನಿಯಮ, ಅಲ್ಲೂ ವರದಿಯ ನಮೂನೆ ಮಾಡುವುದು ದುಡ್ಡು ಕೊಡುವವರೇ. ಆ ಒಂದು ಪುಟವನ್ನು ವಿದ್ಯಾರ್ಥಿಗಳಿಗೆ ತಕ್ಕ ಹಾಗೆ ಬದಲಾಯಿಸಿದರೆ ಸಾಕು. ಏನು ಮಾಡಲು ಹೊರಟಿರಿ, ಏನಾಯಿತು, ಏನು ಕೆಲಸ ಮಾಡಲಿಲ್ಲ ಮತ್ತು ಯಾಕೆ, ಮುಂದೆ ಇದೇ ಕೆಲಸ ಮಾಡುವವರಿಗೆ ಏನು ಹೇಳುತ್ತೀರಿ. ಕನ್ನಡದಲ್ಲಿ ಬರೆದರೂ ನಡೆಯುತ್ತದೆ ಅಂತ ಮೇಲೆ ದಪ್ಪ ಅಕ್ಷರದಲ್ಲಿ ಇರಲಿ. ಅಂದುಕೊಂಡದ್ದು ಆಗಲಿಲ್ಲ ಅಂತ ಬರೆದ ಮಾತ್ರಕ್ಕೆ ಹಣ ವಾಪಸ್ ಕೇಳುವುದಿಲ್ಲ ಅನ್ನುವುದನ್ನು ಮಂಜೂರಾತಿ ಪತ್ರದಲ್ಲೇ ಸ್ಪಷ್ಟ ಮಾಡಲಿ, ಇಲ್ಲದಿದ್ದರೆ ಯಾವ ಹುಡುಗನೂ ನಿಜ ಬರೆಯುವುದಿಲ್ಲ.

ಬಿಲ್ಲಿನ ವಿಷಯದಲ್ಲಿ ಕೇಳುವುದು ಜಾಸ್ತಿ ಏನಿಲ್ಲ. ಹತ್ತು ಸಾವಿರದೊಳಗಿನ ಪ್ರಾಜೆಕ್ಟ್‌ಗಳಿಗೆ ಖರ್ಚಿನ ಒಂದು ಪುಟದ ಪಟ್ಟಿ, ಅದಕ್ಕೆ ಗೈಡ್ ಮತ್ತು ಪ್ರಿನ್ಸಿಪಾಲರ ಸಹಿ ಸಾಕು ಅನ್ನಲಿ. ಬಿಲ್ಲುಗಳು ಕಾಲೇಜಿನಲ್ಲಿ ಇರಲಿ, ಬೇಕಾದಾಗ ಕೆಲವು ಕಾಲೇಜುಗಳನ್ನು ಆರಿಸಿ ಬಂದು ನೋಡಲಿ. ನೋಡಲು ಬಂದವರು ಲ್ಯಾಬಿಗೂ ಬಂದು ಮಾಡೆಲ್ ಮುಟ್ಟಿ ನೋಡಲಿ. ಹೊಸದಿರಲಿ ಗುಜರಿಯದಿರಲಿ, ಬಿಲ್ಲಿಲ್ಲದ ಸಣ್ಣ ಖರೀದಿಗೆ ಗೈಡ್ ದೃಢೀಕರಿಸಿದ ವೋಚರ್ ಒಪ್ಪಲಿ. ದೊಡ್ಡ ವಿಜ್ಞಾನಿಗಳ ಖರೀದಿ ನಿಯಮಗಳನ್ನು ಕೇಂದ್ರ 2025ರಲ್ಲಿ ಸಡಿಲ ಮಾಡಿತು, ಸಂತೋಷ. ಅವರಿಗೆ ಲಕ್ಷಗಳಲ್ಲಿ ಕೊಟ್ಟ ನಂಬಿಕೆಯನ್ನು ಹುಡುಗರಿಗೆ ಸಾವಿರಗಳಲ್ಲಿ ಕೊಡಬಹುದಲ್ಲ. ಮತ್ತೆ, ದುಡ್ಡು ಏಳನೇ ಸೆಮಿಸ್ಟರ್ ಮುಗಿಯುವ ಮುಂಚೆ ಬರಲಿ. ಅದು ಆಗುವುದೇ ಇಲ್ಲ ಅಂದರೆ ಪ್ರಸ್ತಾವ ಕಳಿಸಿದ ದಿನದಿಂದ ಆದ ಖರ್ಚನ್ನಾದರೂ ಲೆಕ್ಕಕ್ಕೆ ಹಿಡಿಯಲಿ.

ಆ ಒಂದು ಪುಟದ ವರದಿಗಳನ್ನು ಜಿಲ್ಲೆವಾರು, ವಿಷಯವಾರು ಹುಡುಕಲು ಬರುವ ಹಾಗೆ ಅಂತರ್ಜಾಲಕ್ಕೆ ಹಾಕಬೇಕು. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಸರ್ಕಾರಿ ಕಚೇರಿಗಳು ಯಾರೂ ಅರ್ಜಿ ಹಾಕುವವರೆಗೆ ಕಾಯದೆ ತಾವಾಗಿಯೇ ಮಾಹಿತಿ ಪ್ರಕಟಿಸಬೇಕು, ಅದು 2005ರಿಂದಲೂ ಇದೆ. ಅಡಿಕೆ ಡ್ರೈಯರ್ ಅಂತ ಹುಡುಕಿದರೆ ಹಿಂದೆ ಮಾಡಿದ ತಂಡಗಳೆಲ್ಲ ಎಲ್ಲಿ ಸಿಕ್ಕಿಹಾಕಿಕೊಂಡರು ಅಂತ ಒಂದೇ ಕಡೆ ಕಾಣಬೇಕು. ಹೊಸ ಪ್ರಸ್ತಾವ ಕಳಿಸುವವರು ಹಳೆಯ ಎರಡು ವರದಿ ಓದಿ, ಅದಕ್ಕಿಂತ ಬೇರೆ ಏನು ಮಾಡುತ್ತೇವೆ ಅಂತ ಬರೆಯುವುದನ್ನು ಕಡ್ಡಾಯ ಮಾಡಲಿ. ಆಯ್ಕೆ ಸಮಿತಿಯವರ ಕೆಲಸವೂ ಹಗುರಾಗುತ್ತದೆ.

ಈ ಸಾಲಿನ ಪ್ರಾಜೆಕ್ಟ್ ಪ್ರಸ್ತಾವಗಳಿಗೆ ಪ್ರಕಟಣೆ ಹೊರಡಿಸುವ ಮುಂಚೆ ಉನ್ನತ ಶಿಕ್ಷಣ ಇಲಾಖೆ ಮತ್ತು ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯವರು ನಾಲ್ಕಾರು ಜನ ಗೈಡ್‌ಗಳನ್ನು, ಒಬ್ಬಿಬ್ಬರು ಅಕೌಂಟ್ಸ್ ಗುಮಾಸ್ತರನ್ನು, ಹೋದ ವರ್ಷ ಪ್ರಾಜೆಕ್ಟ್ ಮಾಡಿದ ಹುಡುಗರನ್ನು ಒಂದು ಮಧ್ಯಾಹ್ನ ಕೂರಿಸಿಕೊಂಡು ಆ ನಮೂನೆಯನ್ನು ಅವರ ಎದುರಿಗೇ ತುಂಬಿ ನೋಡಲಿ. ಕರೆದರೆ ನಾನು ನನ್ನ ಖರ್ಚಿನಲ್ಲೇ ಬರುತ್ತೇನೆ, ಟಿಎ ಬಿಲ್ಲು ಹಾಕುವುದಿಲ್ಲ.

ಇತಿ ನಿಮ್ಮ ಓದುಗ,
ಒಬ್ಬ ಪ್ರಾಜೆಕ್ಟ್ ಗೈಡ್,
ಶಿವಮೊಗ್ಗ ಜಿಲ್ಲೆ